ಮುಂಬೈ ತಾರಸಿಗೆ ಬೇಕಿರೋದು ಗಾಳಿ, ಶಾಖ ಅಲ್ಲ

ತಾರಸಿ ಮೇಲೆ ಗಿಡ ಬೆಳೆಸಲು ಹಸಿರುಮನೆ ಕಟ್ಟುವ ಬಗ್ಗೆ ನೀವು ಬರೆದಿದ್ದನ್ನು ಓದಿದೆ. "ಶಾಖ ಹೊರಗೆ ಹೋಗದಂತೆ ಸುತ್ತಲೂ ಪಾಲಿಥೀನ್ ಬಿಗಿಯಾಗಿ ಮುಚ್ಚಿ" ಅಂತ ಹೊಸಬರಿಗೆ ಹೇಳಿದ್ದೀರಿ. ಚಳಿ ದೇಶಕ್ಕೆ ಸರಿ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಶಾಖಕ್ಕೇನು ಬರವೇ? ಏಪ್ರಿಲ್‌ನಲ್ಲಿ ತಾರಸಿ ಮೇಲೆ ಹಾಗೆ ಮುಚ್ಚಿದರೆ ಒಳಗೆ ಇಡ್ಲಿ ಬೇಯಿಸಬಹುದು, ಅಷ್ಟೇ.

ನೀವು ಕೊಟ್ಟ ಟೊಮೆಟೊ ಉದಾಹರಣೆಯನ್ನೇ ನೋಡಿ. ಬಿಸಿ 35 ಡಿಗ್ರಿ ದಾಟಿದರೆ ಅದರ ಪರಾಗ ಕೆಡುತ್ತದೆ, ಕಾಯಿ ಕಚ್ಚಲ್ಲ. ಗಿಡ ಹಸಿರಾಗಿಯೇ ಇರುತ್ತದೆ, ಆದರೆ ಹೂವಿನ ತೊಟ್ಟು ಗಂಟಿನ ಹತ್ತಿರ ಹಳದಿಯಾಗಿ, ಮುಟ್ಟಿದರೆ ಕೈಗೆ ಬರುತ್ತದೆ. ಜನ ಗೊಬ್ಬರ ಸಾಲಲಿಲ್ಲ ಅಂದುಕೊಂಡು ಸುಮ್ನೆ ಇನ್ನಷ್ಟು ಸುರಿಯುತ್ತಾರೆ.

ಪುಣೆ ಹತ್ತಿರ ತಳೇಗಾಂವ್ ಕಡೆ ಗುಲಾಬಿ ಬೆಳೆಯುವ ಪಾಲಿಹೌಸ್‌ಗಳಿವೆ, ಅಂದರೆ ಪಾಲಿಥೀನ್ ಹೊದಿಸಿದ ದೊಡ್ಡ ಹಸಿರುಮನೆಗಳು. ಅಲ್ಲಿ ಪಕ್ಕದ ಪರದೆ ಸುತ್ತಿ ಮೇಲೆತ್ತುತ್ತಾರೆ, ಬಿಸಿ ಗಾಳಿ ಹೋಗಲು ಮಾಡಿನ ತುದಿಯಲ್ಲಿ ಸಂದು ಬಿಟ್ಟಿರುತ್ತಾರೆ. ಅಷ್ಟು ದುಡ್ಡು ಹಾಕಿದವರೇ ಗಾಳಿ ಬಿಡುವಾಗ ನಾವು ಯಾಕೆ ಮುಚ್ಚಬೇಕು?

ಇಲ್ಲಿಯ ಹೊಸಬರಿಗೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಶೇಡ್ ನೆಟ್ (ನೆರಳು ಬಲೆ) ಸಾಕು. ಜೂನ್ ಬಂದಾಗ ಮೇಲ್ಗಡೆ ಮಾತ್ರ 200 ಮೈಕ್ರಾನ್ ಯುವಿ ಶೀಟು (ಬಿಸಿಲಿಗೆ ಬೇಗ ಹಾಳಾಗದ ಪಾಲಿಥೀನ್), ಇಳಿಜಾರಾಗಿ. ಪಕ್ಕಕ್ಕೆ ಬಲೆ ಮಾತ್ರ. ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚಿದರೆ ಶೀಟಿನ ಒಳಮೈಯಿಂದ ರಾತ್ರಿಯಿಡೀ ಎಲೆ ಮೇಲೆ ಹನಿ ಬೀಳುತ್ತದೆ, ಬೂಷ್ಟು ಬರದೇ ಇರುತ್ತದಾ?

ಬೆಳಗ್ಗೆಯೇ ನೀರು ಹಾಕಿ ಅಂದಿದ್ದನ್ನು ಒಪ್ಪುತ್ತೇನೆ. ಆದರೆ ಸಣ್ಣ ಕಣ್ಣಿನ ಬಲೆ ಕಟ್ಟಿದ ಮೇಲೆ ಜೇನು ಒಳಗೆ ಬರಲ್ಲ ಅಲ್ವಾ? ನಾಟಿ ಸೌತೆಗೆ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ನಾವೇ ಮುಟ್ಟಿಸಬೇಕು. ಅದನ್ನೂ ಬರೆಯಬೇಕಿತ್ತು.