ಹೆಣದ ಖರ್ಚಿಗೆ ಮುಂಗಡ

ಫ್ರಾನ್ಸ್-ಇಟಲಿ ಗಡಿಯಲ್ಲಿರುವ, ಆಲ್ಪ್ಸ್‌ನ ಅತಿ ಎತ್ತರದ ಬೆಟ್ಟ ಮೋಂ ಬ್ಲಾಂ ಹತ್ತಬೇಕೆಂದರೆ 15,000 ಯೂರೋ ಠೇವಣಿ ಇಡಿ ಎಂದು 2022ರ ಆಗಸ್ಟ್‌ನಲ್ಲಿ ಫ್ರಾನ್ಸ್ ಕಡೆಯ ತಪ್ಪಲಿನ ಸೇಂ-ಜೆರ್ವೆ ಊರಿನ ಮೇಯರ್ ಸಾರಿದರು. ಲೆಕ್ಕ ಚೊಕ್ಕವಾಗಿತ್ತು: ಹುಡುಕಿ ತರಲು 10,000, ಮಣ್ಣು ಮಾಡಲು 5,000. ಬೆಟ್ಟ ಯಾರಪ್ಪನ ಆಸ್ತಿಯೂ ಅಲ್ಲ ಎಂಬ ಧಾಟಿಯಲ್ಲಿ ಇಟಲಿ ಕಡೆಯ ಮೇಯರ್ ತಗಾದೆ ತೆಗೆದರು. ನೆತ್ತಿ ಯಾವ ದೇಶದ್ದು ಎಂಬ ಜಗಳವೇ ಬಗೆಹರಿಯದೆ ಬಿದ್ದಿರುವಾಗ ಠೇವಣಿ ಕಟ್ಟುವ ಕಿಟಕಿ ಯಾವುದು?

ಸೇಂ-ಜೆರ್ವೆ ಮೇಯರ್ ಸಿಟ್ಟಿಗೆ ಕಾರಣವಿತ್ತು. ಹತ್ತುವವರು ತಂಗುವ ತೆತ್ ರೂಸ್ ವಸತಿಯಿಂದ (3,167 ಮೀ.) ಗೂಟೆ ವಸತಿಗೆ (3,835 ಮೀ.) ಹೋಗುವವರು ಮೊದಲು ಒಂದು ಕಡಿದಾದ ಕೊರಕಲನ್ನು ಅಡ್ಡ ದಾಟಬೇಕು. ರಾತ್ರಿ ಹಿಮಗಟ್ಟಿದ ನೀರು ಕಲ್ಲುಗಳನ್ನು ಗಾರೆಯಂತೆ ಹಿಡಿದಿರುತ್ತದೆ. ಬಿಸಿಲೇರಿದಂತೆ ಗಾರೆ ಕರಗಿ ಕಲ್ಲುಗಳು ಉರುಳುತ್ತವೆ. ಅದಕ್ಕೇ ನಸುಕಿನಲ್ಲೇ, ಒಬ್ಬ ಮೇಲೆ ಕಣ್ಣಿಟ್ಟು ನಿಂತಿರಲು ಇನ್ನೊಬ್ಬ ಸರಸರ ದಾಟಬೇಕು. ಆ ಬೇಸಿಗೆಯ ಸೆಕೆಗೆ ಮೇಲಿನ ಹಿಮವೂ ಕರಗಿ ಕಲ್ಲಿನ ಮಳೆಯೇ ಶುರುವಾಯಿತು. ಗೈಡ್‌ಗಳು ಆ ದಾರಿ ಬಿಟ್ಟರು. ಗೈಡ್ ಇಲ್ಲದವರು ಬಿಡಲಿಲ್ಲ.

ಹೆಲ್ಮೆಟ್, ಹಗ್ಗ, ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಮುಳ್ಳು) ಕಡ್ಡಾಯ ಎಂದು 2017ರಲ್ಲೇ ಆದೇಶವಾಗಿತ್ತು. ಆದರೂ ಓಟದ ಬೂಟಿನಲ್ಲಿ ಬರುವವರು ಬಂದೇ ಬರುತ್ತಾರೆ. ಭಾರವೆಂದಲ್ಲ, ಭಾರ ಹೊರಲು ಇಲ್ಲಿ ಯಾರೂ ಹಿಂಜರಿದಿಲ್ಲ. 2007ರಲ್ಲಿ ಸುಮಾರು ಇಪ್ಪತ್ತು ಮಂದಿ ಬಿಸಿನೀರಿನ ತೊಟ್ಟಿಯನ್ನೇ ತುದಿಗೆ ಹೊತ್ತೊಯ್ದು ಮಿಂದರು. 2019ರಲ್ಲಿ ಒಬ್ಬ 26 ಕಿಲೋ ತೂಕದ, ದೋಣಿ ಹುಟ್ಟುಹಾಕುವ ಕಸರತ್ತಿನ ಯಂತ್ರ ಹೊತ್ತು ಹೊರಟ. ಸುಸ್ತಾಗಿ ಅದನ್ನು 4,362 ಮೀಟರಿನ ವಾಲೋ ತಂಗುದಾಣದಲ್ಲಿ ಬಿಟ್ಟು ಇಳಿದ. ಜೀವ ಹೋಗುವ ಚಳಿಗಾಳಿಯಲ್ಲಿ ನುಗ್ಗಿ ಬಚಾವಾಗಲೆಂದು ಕಟ್ಟಿದ ತಗಡಿನ ಡಬ್ಬಿಯಂಥ ಗೂಡು ಅದು. ಅದೇ ವರ್ಷ ಇಬ್ಬರು 4,450 ಮೀಟರಿನಲ್ಲಿ ವಿಮಾನವನ್ನೇ ಇಳಿಸಿದರು. ಅವರಿಗೆ ಕಲ್ಲಿನ ಕೊರಕಲಿನ ಕಾಟವಿರಲಿಲ್ಲ, ಅಷ್ಟು ಜಾಣತನ ಒಪ್ಪಬೇಕು.

ಈ ಬೆಟ್ಟಕ್ಕೂ ದುಡ್ಡಿಗೂ ನಂಟು ಹಳೆಯದು. ದಾರಿ ಹುಡುಕಿದವರಿಗೆ ಬಹುಮಾನವೆಂದು ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲಿ ಘೋಷಿಸಿದ್ದ. 1786ರ ಆಗಸ್ಟ್ 8ರಂದು ತಪ್ಪಲಿನ ಶಾಮೋನಿ ಊರಿನ ಬಾಲ್ಮಾ ಮತ್ತು ಡಾಕ್ಟರ್ ಪಕ್ಕಾರ್ ಮೊದಲ ಬಾರಿಗೆ ಹಗ್ಗವಿಲ್ಲದೆ, ಉದ್ದ ಕೋಲು ಊರಿಕೊಂಡು ತುದಿ ಮುಟ್ಟಿದರು. ಹಣ ಬಾಲ್ಮಾನಿಗೆ ಹೋಯಿತು. 1887ರಲ್ಲಿ ಶಾಮೋನಿಯಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಬಾಲ್ಮಾ ಬೆರಳು ತೋರುತ್ತಾನೆ, ಪಕ್ಕದಲ್ಲಿ ಹಣ ಕೊಟ್ಟ ಸೊಸ್ಯೂರ್. ಡಾಕ್ಟರಿಗೆ ಆ ಪೀಠದಲ್ಲಿ ಜಾಗ ಸಾಲಲಿಲ್ಲ.

ಈಗ ಬೆಟ್ಟವೂ ಪೂರ್ತಿ ಸಿಗುವುದಿಲ್ಲ. ಬಂಡೆ ಮುಗಿಯುವುದು 4,792 ಮೀಟರಿಗೇ. ಮೇಲಿನದೆಲ್ಲ ಗಾಳಿ ಪೇರಿಸಿದ ಹಿಮ. 2021ರ ಅಳತೆಯಲ್ಲಿ 4,807.81 ಮೀಟರ್ ಇದ್ದದ್ದು 2023ಕ್ಕೆ 4,805.59. ಠೇವಣಿ ಕೇಳುವವರು ಆ 2 ಮೀಟರ್ 22 ಸೆಂಟಿಮೀಟರನ್ನು ಮೊದಲು ಮುರಿದುಕೊಂಡು ಕೇಳಲಿ.