ಒಂದು ಮೊಟ್ಟೆಗೆ ಮೂರು ಕಿಲೋಮೀಟರ್

2017ರಲ್ಲಿ ಬಸುರಿಯಾಗುವ ಯೋಗ ಎಲ್ಲರಿಗೂ ಕೂಡಿ ಬರುವುದಿಲ್ಲ. ನನಗೆ ಬಂದಿತ್ತು. ಆ ವರ್ಷ ದೆಹಲಿಯಿಂದ ವಿಧಾನಸೌಧದವರೆಗೆ ಎಲ್ಲರ ಕಣ್ಣೂ ನಮ್ಮ ಹೊಟ್ಟೆಯ ಮೇಲೇ. ಜನವರಿಯಿಂದ ಜಾರಿಯಾಗುವಂತೆ ಬಸುರಿಯರಿಗೆ ದುಡ್ಡು ಕೊಡುವ ಕೇಂದ್ರದ ಮಾತೃ ವಂದನಾ ಯೋಜನೆ, ಏಪ್ರಿಲ್‌ನಿಂದ 26 ವಾರಗಳ ಹೆರಿಗೆ ರಜೆ, ಜೂನ್‌ನಲ್ಲಿ ಬಸುರಿಯರಿಗೆ ಬುದ್ಧಿ ಹೇಳುವ ಆಯುಷ್ ಸಚಿವಾಲಯದ ಪುಸ್ತಿಕೆ, ಅಕ್ಟೋಬರ್ 2ಕ್ಕೆ ನಮ್ಮ ರಾಜ್ಯದ್ದೇ ಬಿಸಿಯೂಟದ ಯೋಜನೆ ಮಾತೃಪೂರ್ಣ. ರಜೆಯ ವಿಷಯ ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಅಡಿಕೆ ಸುಲಿಯುವವಳಿಗೆ 26 ವಾರ ರಜೆ ಬರೆದುಕೊಡುವ ಮೇಸ್ತ್ರಿ ಇನ್ನೂ ಹುಟ್ಟಬೇಕು. ಮಿಕ್ಕ ಮೂರು ಮಾತ್ರ ತಪ್ಪದೆ ನನ್ನನ್ನು ಹುಡುಕಿಕೊಂಡು ಬಂದವು.

ಬಸುರಿಯಾಗುವ ಮೊದಲು ನನ್ನ ಆರೋಗ್ಯ ವಿಚಾರಿಸಿದವರು ಯಾರೂ ಇಲ್ಲ. ‘ಏನಾದ್ರೂ ವಿಶೇಷ ಇದ್ಯಾ?’ ಅಂತ ಮಾತ್ರ ಎಲ್ಲರೂ ಕೇಳಿದರು, ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ನಿಂತವರೂ ಸೇರಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ತಿಂಗಳು ಮೊದಲೇ ಶುರು ಮಾಡಬೇಕಂತೆ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಮೊದಲ 28 ದಿನಗಳಲ್ಲಿ, ಎಷ್ಟೋ ಜನಕ್ಕೆ ತಾವು ಬಸುರಿ ಅನ್ನುವುದೇ ಗೊತ್ತಾಗಿರದ ಹೊತ್ತಿನಲ್ಲಿ. ನನಗೆ ತಾಯಿ ಕಾರ್ಡ್ ಸಿಕ್ಕಿ, ಮಾತ್ರೆ ಕೈಗೆ ಬರುವಷ್ಟರಲ್ಲಿ ಎರಡೂವರೆ ತಿಂಗಳು. ಕೊಳವೆ ತನ್ನ ಪಾಡಿಗೆ ತಾನು ಮುಚ್ಚಿಕೊಂಡಿತ್ತು, ಪುಣ್ಯ.

ಮೂರು ತಿಂಗಳಿಗೆ ಸರಿಯಾಗಿ ಆಯುಷ್ ಪುಸ್ತಿಕೆಯ ಸುದ್ದಿ. ಬಸುರಿ ಮಾಂಸ, ಮೊಟ್ಟೆ, ಚಹಾ, ಕಾಫಿ ಬಿಡಬೇಕು. ಕಾಮ, ಕ್ರೋಧ, ಮೋಹ, ದ್ವೇಷ ಬಿಡಬೇಕು. ಮಲಗುವ ಕೋಣೆಯಲ್ಲಿ ಚೆಂದದ ಚಿತ್ರ ತೂಗುಹಾಕಬೇಕು. ನಮ್ಮ ಮಲಗುವ ಕೋಣೆಯಲ್ಲಿ ಸೊಸೈಟಿಯ ಕ್ಯಾಲೆಂಡರ್ ಇತ್ತು, ಸಾಲದ ಕಂತಿನ ತಾರೀಖಿಗೆ ಕೆಂಪು ಸುತ್ತು ಹಾಕಿದ್ದು. ಅದನ್ನು ನೋಡಿಕೊಂಡು ಕ್ರೋಧ ಬಿಡುವುದು ಹೇಗೆಂದು ಪುಸ್ತಿಕೆಯಲ್ಲಿ ಇದ್ದಹಾಗಿಲ್ಲ. ಕಾಮ ಬಿಡಿ ಎಂಬ ಸಲಹೆ ಆಗಲೇ ಬಸುರಾದವಳಿಗೆ ಬಂದದ್ದು, ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕಿದ ಹಾಗೆ.

ನಾಲ್ಕು ತಿಂಗಳು ಕಳೆಯಿತು. ಗಾಂಧಿ ಜಯಂತಿಯ ದಿನ ರಾಜ್ಯ ಸರ್ಕಾರ ಹೇಳಿತು: ಮೊಟ್ಟೆ ತಿನ್ನು ತಾಯಿ. ಬರೀ ಮೊಟ್ಟೆಯಲ್ಲ, ಬಿಸಿ ಅನ್ನ, ಸಾಂಬಾರು, ಪಲ್ಯ, ಹಾಲು, ಶೇಂಗಾ ಚಿಕ್ಕಿ. ತಿಂಗಳಿಗೆ 25 ದಿನ, ಬಸುರಿಯರಿಗೂ ಬಾಣಂತಿಯರಿಗೂ. ಒಳ್ಳೆಯ ಊಟವೇ, ಸುಳ್ಳು ಹೇಳಬಾರದು. ಒಂದೇ ಒಂದು ಷರತ್ತು, ಅಂಗನವಾಡಿಗೆ ಬಂದು ಅಲ್ಲೇ ಕೂತು ಉಣ್ಣಬೇಕು.

ಮಲೆನಾಡಿನಲ್ಲಿ ‘ಅಲ್ಲೇ’ ಅಂದರೆ ಎಷ್ಟು ದೂರ ಅಂತ ಆದೇಶ ಬರೆದವರು ಕೇಳಿಕೊಂಡಿರಲಿಕ್ಕಿಲ್ಲ. ನಮ್ಮ ತವರಿನಿಂದ ಅಂಗನವಾಡಿಗೆ ಒಂದೂವರೆ ಕಿಲೋಮೀಟರ್. ಮೊದಲು ತೋಟದ ದರೆ ಇಳಿಯಬೇಕು, ಆಮೇಲೆ ಗದ್ದೆ ಬದು, ಆಮೇಲೆ ಹಳ್ಳದ ಮೇಲಿನ ಕಾಲುಸಂಕ. ನಾಲ್ಕು ಅಡಿಕೆ ದಬ್ಬೆ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಕಡೆ ಮಾತ್ರ ಬಿದಿರಿನ ಗಳ. ಏಳು ತಿಂಗಳ ಹೊಟ್ಟೆ ಹೊತ್ತವಳಿಗೆ ಸಂಕದ ಮೇಲೆ ತನ್ನ ಕಾಲೇ ಕಾಣುವುದಿಲ್ಲ. ಸಂಕದ ಆಚೆ ಕಾಣುವುದು ಮೊಟ್ಟೆ, ಅದೂ ಮನಸ್ಸಿನಲ್ಲಿ. ದಿನಾ ಅಂಗಳ ದಾಟುವಾಗ ನಮ್ಮದೇ ಹ್ಯಾಟೆ ಕೋಳಿ ಬುಟ್ಟಿಯಲ್ಲಿ ಕೂತು, ನನ್ನದರಲ್ಲೇನು ಕಮ್ಮಿ ಕಂಡಿತ್ತು ನಿಂಗೆ ಅನ್ನುವ ಹಾಗೆ ಕತ್ತು ಓರೆ ಮಾಡಿ ನೋಡುತ್ತಿತ್ತು. ಅದರ ಮೊಟ್ಟೆ ಸಂತೆಗೆ ಹೋಗುವುದು ಅದಕ್ಕೇನು ಗೊತ್ತು.

ಬಸುರಿಯರೂ ಬಾಣಂತಿಯರೂ ವಾರಕ್ಕೆ 150 ನಿಮಿಷ ಮೈಗೆ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೋಗಿ ಬರಲು ನನಗೆ ಐವತ್ತು ನಿಮಿಷ, ವಾರಕ್ಕೆ ಆರು ದಿನ. ಎರಡು ಪಟ್ಟು! ಬೆಂಗಳೂರಿನಲ್ಲಿ ಬಸುರಿಯರ ಯೋಗಕ್ಕೆ, ನಡಿಗೆಗೆ ಸಾವಿರಗಟ್ಟಲೆ ಫೀಸು ಕಟ್ಟುತ್ತಾರಂತೆ. ನಮಗೆ ಅದು ಉಚಿತ, ಮೇಲೆ ಊಟವೂ ಉಂಟು. ತಿಂದ ಮೊಟ್ಟೆ ಹಿಂದೆ ಬರುವಾಗ ದರೆ ಹತ್ತುವಷ್ಟರಲ್ಲಿ ಕರಗಿ, ಮನೆ ಮುಟ್ಟಿದ ಮೇಲೆ ಮತ್ತೆ ಹಸಿವು.

ಕಬ್ಬಿಣದ ಮಾತ್ರೆಯನ್ನೂ ಅಲ್ಲೇ ನುಂಗಿಸುತ್ತಿದ್ದರು. ಬಸುರಿನಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180. ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನ ರಕ್ತಹೀನರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಕೊಟ್ಟಿದೆ, ಹಾಗಾಗಿ ಮಾತ್ರೆಯ ಬಗ್ಗೆ ತಮಾಷೆ ಮಾಡಲಾರೆ. ತಮಾಷೆ ಇರುವುದು ಮನೆಯಲ್ಲಿ. ಬಿಸಿಲಲ್ಲಿ ಬೆವರಿ ಬಂದವಳಿಗೆ ಅಮ್ಮ ಅಕ್ಕರೆಯಿಂದ ಲೋಟದ ತುಂಬ ಕಾಫಿ ಕೊಡುವಳು. ಮಾತ್ರೆಯ ಬೆನ್ನಿಗೇ ಕಾಫಿ ಬಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಂದರೆ ಕಾಫಿಯ ವಿಷಯದಲ್ಲಾದರೂ ಆ ಪುಸ್ತಿಕೆಯ ಮಾತಿಗೆ ಅರ್ಧ ಅಂಕ ಕೊಡಬೇಕು. ಕೊಟ್ಟಿದ್ದೇನೆ.

ಡಿಸೆಂಬರ್‌ನಲ್ಲಿ ಹೆರಿಗೆ. ಆಗ ಶುರುವಾಯಿತು ನೋಡಿ ಎರಡು ಸರ್ಕಾರಗಳ ಜಗಳ. ಅಮ್ಮನ ಸರ್ಕಾರದಲ್ಲಿ ಬಾಣಂತಿ ಹೊಸಿಲು ದಾಟುವಂತಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹಂಡೆ ನೀರಿನ ಸ್ನಾನ, ಕಾಳುಮೆಣಸಿನ ಸಾರು, ನೀರು ಕುಡಿಯಬೇಕೆಂದರೆ ಅರ್ಜಿ ಹಾಕಬೇಕು. ಆ ಸರ್ಕಾರದಲ್ಲೋ, ಬಾಣಂತಿ ದಿನಾ ಸಂಕ ದಾಟಿ ಬಂದು ಉಂಡು ಸಹಿ ಹಾಕಬೇಕು. ಒಂದು ದಿನ ಅಮ್ಮ ಟಿಫನ್ ಕ್ಯಾರಿಯರ್ ಹಿಡಿದು ತಾನೇ ಹೋದಳು.

‘ಫಲಾನುಭವಿ ಖುದ್ದು ಬರಬೇಕು ಅಮ್ಮ, ರೂಲ್ಸು’ ಅಂದರು ಟೀಚರ್, ಪಾಪ, ಅವರಿಗೂ ಮನಸ್ಸಿಲ್ಲ.

‘ಹದಿನೈದು ದಿನದ ಬಾಣಂತಿ ಬರಲ್ಲ. ಬೇಕಾದ್ರೆ ನಿಮ್ಮ ರೂಲ್ಸೇ ಸಂಕ ದಾಟಿ ನಮ್ಮನೆಗೆ ಬರ್ಲಿ.’

ಬರಲಿಲ್ಲ. ಹಾಗೆ ನನ್ನ ಬಾಣಂತನದ ಮೊಟ್ಟೆಗಳು ರಿಜಿಸ್ಟರಿನಲ್ಲೇ ಖಾಲಿ ಗೆರೆಯಾಗಿ ಉಳಿದವು. ಮಾತೃ ವಂದನೆಯ ದುಡ್ಡೂ ಹಾಗೇ. ಆಹಾರ ಭದ್ರತಾ ಕಾಯ್ದೆ 2013ರಲ್ಲೇ ಆರು ಸಾವಿರಕ್ಕೆ ಕಮ್ಮಿಯಿಲ್ಲ ಅಂದಿತ್ತು, ಯೋಜನೆ ಐದು ಸಾವಿರ ಅಂದಿತು, ಅದೂ ಮೂರು ಕಂತು, ಮೊದಲ ಮಗುವಿಗೆ ಮಾತ್ರ. ಕೊನೆಯ ಕಂತು ಬರುವಾಗ ಮಗ ಅಂಗಳದಲ್ಲಿ ಹ್ಯಾಟೆಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಬಂದವರು ನನ್ನ ಹೊಟ್ಟೆ ನೋಡಿ ‘ಇನ್ನೂ ಇಳೀಲಿಲ್ವಾ? ಸ್ವಲ್ಪ ನಡೀಬೇಕಮ್ಮ’ ಎಂದು ನಡಿಗೆಯ ಮಹತ್ವ ತಿಳಿಸಿ ಹೋಗುತ್ತಿದ್ದರು.

ಉಂಡು ಹೋಗಬೇಕು ಎಂಬ ಷರತ್ತಿಗೆ ಒಂದು ಕಾರಣವಿತ್ತು, ಅದನ್ನೂ ಹೇಳಬೇಕು. ಮೊದಲೆಲ್ಲ ರೇಷನ್ನು ಮನೆಗೇ ಕೊಡುತ್ತಿದ್ದರು. ಬಸುರಿಯ ಪಾಲು ಮನೆಮಂದಿಯ ಹೊಟ್ಟೆಗೆ ಹೋಗುತ್ತದೆ ಅಂತ ಗುಮಾನಿ. ಹೆಂಗಸಿಗೆ ಊಟ ಮುಟ್ಟಬೇಕಾದರೆ ಅವಳನ್ನು ಅವಳ ಮನೆಯಿಂದಲೇ ಹೊರಗೆ ಕರೆಸಬೇಕು ಎಂದು ಒಂದು ಸರ್ಕಾರ ಲಿಖಿತದಲ್ಲಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. 2020ರಲ್ಲಿ ಕೊರೋನಾ ಬಂದು ಅಂಗನವಾಡಿ ಮುಚ್ಚಿತು. ಬಾಣಂತಿಗಾಗಿ ಬಗ್ಗದ ರೂಲ್ಸು ವೈರಾಣುವಿಗೆ ಬಗ್ಗಿ, ರೇಷನ್ನು ಮತ್ತೆ ಮನೆಗೇ ಬಂತು. ಆಗ ನಮ್ಮ ಅತ್ತಿಗೆಗೆ ಆರು ತಿಂಗಳು.

ಚೀಲ ಬಂದ ಸಂಜೆ ನನ್ನ ಅಣ್ಣ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಮಡಿಲಲ್ಲಿ ಅತ್ತಿಗೆಯ ಪಾಲಿನ ಶೇಂಗಾ, ಒಂದು ಕೈಯಲ್ಲಿ ಬೆಲ್ಲದ ಚೂರು. ಅತ್ತಿಗೆ ಕೊಟ್ಟಿಗೆಗೆ ಸೊಪ್ಪಿನ ಹೊರೆ ಇಳಿಸಿ ಬಂದಳು. ಅಣ್ಣ ಸಿಪ್ಪೆ ಊದುತ್ತ ಕೇಳಿದ: ‘ಇವತ್ತು ವಾಕಿಂಗ್ ಮಾಡಿದ್ಯೇನೆ?’