ದಂಡಕ್ಕೆ ಸಾಕ್ಷಿಯಾಗುವ ಕ್ಯಾಮೆರಾ ಗಾಡಿಯವನ ಪರವೂ ಸಾಕ್ಷಿ ಹೇಳಲಿ

ಬೆಳಗ್ಗೆ ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ, ಸಂಜೆ ಕೇರಳದ ಮಂಜೇಶ್ವರಕ್ಕೋ ಕುಂಬಳೆಗೋ ಮರಳುವ ಗಾಡಿಯ ಮೇಲೆ ದಿನವೂ ಎರಡು ಸರ್ಕಾರಗಳ ಕಣ್ಣಿರುತ್ತದೆ. ಆಸ್ಪತ್ರೆ, ಕಾಲೇಜು, ಕೆಲಸ ಆಚೆ. ಮನೆ, ರೇಷನ್ ಕಾರ್ಡು, ಓಟು ಈಚೆ. ಕ್ಯಾಮೆರಾಕ್ಕೆ ಇದೊಂದೂ ಗೊತ್ತಿಲ್ಲ, ಅದು ನೋಡುವುದು ನಂಬರ್ ಪ್ಲೇಟನ್ನು ಮಾತ್ರ.

ಕೇರಳದಲ್ಲಿ ‘ಸೇಫ್ ಕೇರಳ’ ಯೋಜನೆಯ 726 ಕ್ಯಾಮೆರಾಗಳು 2023ರ ಜೂನ್ 5ರಿಂದ ದಂಡ ಹಾಕತೊಡಗಿದವು. ಅವುಗಳಲ್ಲಿ 675 ಕ್ಯಾಮೆರಾಗಳ ಕೆಲಸ ಹೆಲ್ಮೆಟ್, ಸೀಟ್ ಬೆಲ್ಟ್, ಚಾಲನೆಯಲ್ಲಿ ಮೊಬೈಲ್, ಬೈಕಿನಲ್ಲಿ ಮೂವರ ಸವಾರಿ ಇವನ್ನು ಹಿಡಿಯುವುದು. ಹೆಲ್ಮೆಟ್ ಇಲ್ಲದಿದ್ದರೆ 500, ಮೊಬೈಲ್ ಹಿಡಿದರೆ 2,000 ರೂಪಾಯಿ. ಚಲನ್ ಕಳಿಸುವುದು ಮೋಟಾರು ವಾಹನ ಇಲಾಖೆ. ಕರ್ನಾಟಕದ ಪೇಟೆಗಳಲ್ಲಿ ಈ ಕೆಲಸ ಹೆಚ್ಚಾಗಿ ಸಂಚಾರ ಪೊಲೀಸರದು. ಅಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ 2023ರ ಫೆಬ್ರವರಿಯಲ್ಲೊಮ್ಮೆ ಬಂತು, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ ಬಂತು. ಹೊತ್ತಿಗೆ ಸರಿಯಾಗಿ ಕಟ್ಟಿದವನಿಗೆ ಪೂರ್ತಿ ದಂಡ, ಕಟ್ಟದೆ ಕೂತವನಿಗೆ ಅರ್ಧ. ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ದಂಡದ ವಿಷಯದಲ್ಲಿ ಕೇರಳದ ಬಿಗಿಯೇ ಮೇಲು.

ಆದರೆ ಆ ಬಿಗಿ ಯಂತ್ರದ ತಪ್ಪಿನ ಮೇಲೂ ಇರಬೇಕು. ಪ್ಲೇಟು ಓದುವ ತಂತ್ರಾಂಶಕ್ಕೆ 8 ಮತ್ತು ‘ಬಿ’, ಸೊನ್ನೆ ಮತ್ತು ‘ಡಿ’ ಅದಲುಬದಲಾಗುವುದುಂಟು. ಮಳೆಗಾಲದ ಕೆಸರು, ಅಕ್ಷರದ ನಡುವೆ ಹೊಡೆದ ಸ್ಕ್ರೂ, ಫ್ಯಾನ್ಸಿ ಅಕ್ಷರ ಇವೆಲ್ಲ ತಪ್ಪು ಹೆಚ್ಚಿಸುತ್ತವೆ. ರಾತ್ರಿ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬೀರುತ್ತದೆ. ಎಚ್‌ಎಸ್‌ಆರ್‌ಪಿ, ಅಂದರೆ ಸರ್ಕಾರ ಹೇಳಿದ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಹಾಳೆ ಆ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದರಿಂದ ಅಕ್ಷರ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಮಾಡಿಸಿದ ಅಕ್ರಿಲಿಕ್ ಪ್ಲೇಟು ಹಾಗೆ ಕಾಣುವುದಿಲ್ಲ. ಕಾರಿನ ಪ್ಲೇಟಿನಲ್ಲಿ ಅಕ್ಷರದ ಎತ್ತರ 65, ದಪ್ಪ 10, ನಡುವಿನ ಜಾಗ 10 ಮಿಲಿಮೀಟರ್ ಇರಬೇಕೆಂದು ನಿಯಮ ಹೇಳುವುದಕ್ಕೂ ಅರ್ಥವಿದೆ.

ಹಾಗಾಗಿ ಚಲನ್ ಬಂದ ಕೂಡಲೇ ಹಣ ಕಟ್ಟಬೇಡಿ, ಮೊದಲು ಫೋಟೋ ತೆರೆದು ನೋಡಿ. ಇ-ಚಲನ್ ಪೋರ್ಟಲಿನಲ್ಲಿ ಗಾಡಿ ನಂಬರಿನ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಸಿಗುತ್ತದೆ. ಗಾಡಿಯ ಬಣ್ಣ, ಮಾಡೆಲ್, ಜಾಗ, ಹೊತ್ತು ನಿಮ್ಮದೇ ಹೌದೇ? ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು, ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಬೋರ್ಡು ಹಾಕಿರಬೇಕು, ಯಂತ್ರಕ್ಕೆ ವರ್ಷವರ್ಷ ಪ್ರಮಾಣಪತ್ರ ಪಡೆಯಬೇಕು. ಆಕ್ಷೇಪಣೆಯಲ್ಲಿ ಇವನ್ನೆಲ್ಲ ಕೇಳಬಹುದು. ಅದನ್ನು ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರು ಗಾಡಿಗಳ ನೋಂದಣಿಯ ಸರ್ಕಾರಿ ಜಾಲತಾಣ ‘ವಾಹನ್’ನ ದಾಖಲೆಯಲ್ಲಿ ಮೊಬೈಲ್ ನಂಬರ್ ಬದಲಿಸಿಕೊಳ್ಳದಿದ್ದರೆ ಸಂದೇಶ ಹಳೆಯ ಮಾಲೀಕನಿಗೆ ಹೋಗುತ್ತದೆ. ಇವರಿಗೆ ಗೊತ್ತಾಗುವ ಹೊತ್ತಿಗೆ ವಿಷಯ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನಿನಲ್ಲೇ ಚಲನ್ ನೋಡುವ ನ್ಯಾಯಾಲಯಕ್ಕೆ, ಹೋಗಿರುತ್ತದೆ.

ಇನ್ನು ತೆರಿಗೆ. ನಮ್ಮ ಗಡಿಯವರಿಗೆ ನಿಜವಾದ ತಲೆನೋವು ಇದೇ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅಲ್ಲಿನ ನಂಬರ್ ಪಡೆಯಬೇಕು. ಕರ್ನಾಟಕದಲ್ಲಿ ಹೊಸ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ ಬೆಲೆ ನೋಡಿ ಶೇ. 13ರಿಂದ 18, ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸು ನೋಡಿ ಕಡಿಮೆಯಾದರೂ ದೊಡ್ಡ ಮೊತ್ತವೇ. ಮಂಗಳೂರಿನ ಬಾಡಿಗೆ ಮನೆಯ ಮುಂದೆ ವರ್ಷವಿಡೀ ನಿಂತ ಕೆಎಲ್-14 (ಕಾಸರಗೋಡಿನ ನಂಬರಿನ) ಕಾರು ಆ ತೆರಿಗೆ ಕಟ್ಟಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ದಿನವೂ ಸಂಜೆ ಮನೆಗೆ ಬರುವ ಗಾಡಿ ಅಲ್ಲಿ ಉಳಿದದ್ದು ಹೇಗಾಗುತ್ತದೆ? ಕಾರಾದರೆ ಫಾಸ್ಟ್ಯಾಗ್ ವಿವರ ತೆಗೆದು ತಲಪಾಡಿ ಟೋಲ್ ದಾಟಿದ ದಿನ, ಹೊತ್ತು ತೋರಿಸಬಹುದು. ಬೈಕಿಗೆ ಫಾಸ್ಟ್ಯಾಗ್ ಇಲ್ಲ. ಪೆಟ್ರೋಲ್ ಬಿಲ್ಲು, ಸರ್ವಿಸ್ ಬಿಲ್ಲು ಕೂಡಿಡುವುದೊಂದೇ ದಾರಿ. ಗಡಿ ದಾಟಿದ್ದನ್ನು ಕಂಡ ಕ್ಯಾಮೆರಾದ ದಾಖಲೆ ಇಲಾಖೆಯ ಕೈಯಲ್ಲಿದೆ, ಮಾಲೀಕ ಕೇಳಿದರೆ ಅದನ್ನು ಕೊಡುವ ವ್ಯವಸ್ಥೆಯೂ ಆಗಬೇಕು. ದಂಡಕ್ಕೆ ನಂಬುವ ಫೋಟೋವನ್ನು ತೆರಿಗೆಯ ತಕರಾರಿನಲ್ಲೂ ನಂಬಲಿ.

ನಿಜವಾಗಿ ಊರು ಬದಲಿಸುವವರು ಎನ್‌ಒಸಿಯಿಂದ, ಅಂದರೆ ಹಳೆಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರದಿಂದ, ಶುರುಮಾಡಬೇಕು. ಫಾರ್ಮ್ 28ರಲ್ಲಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ (ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚು) ಹಚ್ಚಿ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಲಗತ್ತಿಸಿ ಹಳೆಯ ಆರ್‌ಟಿಒಗೆ ಕೊಡಿ. ಬಾಕಿ ಚಲನ್ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಮೊದಲು ಅದನ್ನು ಮುಗಿಸಿ. ಆಮೇಲೆ ಹೊಸ ಕಡೆ ಹೊಸ ನಂಬರಿಗೆ ಫಾರ್ಮ್ 27 ಮತ್ತು ತೆರಿಗೆ. ಹೊಸ ಆರ್‌ಸಿ ಕೈಗೆ ಬಂದ ಮೇಲೆ ಅದರ ಪ್ರತಿಯಿಟ್ಟು ಹಳೆಯ ರಾಜ್ಯದಲ್ಲಿ ಉಳಿದ ಅವಧಿಯ ತೆರಿಗೆ ವಾಪಸಿಗೆ ಅರ್ಜಿ ಹಾಕಿ. ಅದು ತಾನಾಗಿ ಬರುವುದಿಲ್ಲ, ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ಎನ್‌ಒಸಿ ಅರ್ಜಿಗೆ ಕಚೇರಿ 30 ದಿನದೊಳಗೆ ಉತ್ತರಿಸದಿದ್ದರೆ ಕೊಟ್ಟಂತೆಯೇ ಎಂದು 48ನೇ ಸೆಕ್ಷನ್ ಹೇಳುತ್ತದೆ. ಅರ್ಜಿ ಕೊಟ್ಟ ದಿನದ ಸ್ವೀಕೃತಿ ರಶೀದಿಯನ್ನು ಮಾತ್ರ ಕಳಕೊಳ್ಳಬೇಡಿ.